ಶಸ್ತ್ರಕ್ಕೆ ಮುನ್ನ ಕಿವಿ: ಧ್ವನಿಸೆಳೆತದ ಚಿಕಿತ್ಸೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಕನ್ನಡಿಗರು ಮನೆಯಲ್ಲೊಂದು, ಕಚೇರಿಯಲ್ಲೊಂದು ನುಡಿಯಾಡಿ ಬದುಕುವವರು. ಇಂಥವರೊಬ್ಬರ ಧ್ವನಿ ಬರಬರುತ್ತ ತಡೆತಡೆದು, ಗಂಟಲು ಹಿಸುಕಿದಂತೆ ಹೊರಡತೊಡಗಿದರೆ, ತೆಲುಗಿನಲ್ಲಿ ಮಾತನಾಡುವ ಅಳುಕೆಂದೋ ಮನಸ್ಸಿನ ಬೇನೆಯೆಂದೋ ತೀರ್ಪು ಕೊಡುವುದು ಸುಲಭ. ಹಾಡುವಾಗ, ನಗುವಾಗ ಅದೇ ಕಂಠ ಎಷ್ಟೋ ವೇಳೆ ಸರಾಗವಾಗಿರುವುದರಿಂದ ಅಪವಾದ ಇನ್ನಷ್ಟು ಬಲಿಯುತ್ತದೆ. ಆದರೆ ಅದು ಸ್ಪಾಸ್ಮೋಡಿಕ್ ಡಿಸ್ಫೋನಿಯಾ, ಅಂದರೆ ಧ್ವನಿಸೆಳೆತ ಇರಬಹುದು. ಇದರ ಮೂಲ ಗಂಟಲಲ್ಲಿಲ್ಲ. ಮೆದುಳಿನ ಚಲನ ನಿಯಂತ್ರಣದಲ್ಲಿದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮಾತಿನ ನಡುವೆ ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳುವುದು ಒಂದು; ಅಕಾಲದಲ್ಲಿ ತೆರೆದು ಉಸಿರು ಸೋರುವುದು ಮತ್ತೊಂದು. ಮೊದಲನೆಯದು ಸ್ವರ ಮತ್ತು ಘೋಷಾಕ್ಷರಗಳಲ್ಲಿ ಹೆಚ್ಚಾಗಿ ಕಾಣುತ್ತದೆ: 'ನಮ್ಮ ಊರಿನ ಜನ ಗಂಜಿ ಉಂಡರು.' ಎರಡನೆಯದು ಅಘೋಷಾಕ್ಷರಗಳಲ್ಲಿ: 'ಚಿಕ್ಕಪ್ಪ ಕಪ್ಪು ಹತ್ತಿ ತಂದ.' ಪರಭಾಷೆಯ ತಡವರಿಕೆ ಸೆಳೆತದೊಡನೆ ಬೆರೆಯದಂತೆ ಈ ಪರೀಕ್ಷೆ ತಾಯ್ನುಡಿಯಲ್ಲಿ ನಡೆಯುವುದು ಲೇಸು.

ಈ ಭೇದ ಏಕೆ ಮುಖ್ಯವೆಂದರೆ, ಪ್ರಚಲಿತ ಶಸ್ತ್ರಕ್ರಿಯೆಗಳು ಬಹುತೇಕ ಮೊದಲ ಬಗೆಗೆಂದೇ ರೂಪುಗೊಂಡವು. 1976ರಲ್ಲಿ ಅಮೆರಿಕದ ಹರ್ಬರ್ಟ್ ಡೆಡೊ ಧ್ವನಿಪೆಟ್ಟಿಗೆಯ ಒಂದು ಪಕ್ಕದ ನರವನ್ನೇ ಕತ್ತರಿಸುವ ಕ್ರಮವನ್ನು ಪ್ರಕಟಿಸಿದರು. ಆರಂಭದ ಫಲ ಬೆರಗಾಗಿಸಿತು. ಆದರೆ ಮೂರು ವರ್ಷಗಳೊಳಗೆ ಬಹುಪಾಲು ರೋಗಿಗಳಲ್ಲಿ ಸೆಳೆತ ಮರಳಿತೆಂದು 1983ರಲ್ಲಿ ಮೇಯೋ ಕ್ಲಿನಿಕ್ಕಿನ ವೈದ್ಯರು ವರದಿ ಮಾಡಿದರು. ಅನಂತರ ಗೆರಾಲ್ಡ್ ಬರ್ಕೆ, ಬಿಗಿಯುವ ಸ್ನಾಯುವಿನ ನರಶಾಖೆಯನ್ನಷ್ಟೇ ಕತ್ತರಿಸಿ, ಹಳೆಯ ನರ ಮತ್ತೆ ಬೆಳೆಯದಂತೆ ಅಲ್ಲಿಗೆ ಕತ್ತಿನ ಬೇರೊಂದು ನರವನ್ನು ಜೋಡಿಸಿದರು. ಇದಾದ ಮೇಲೆ ಕೆಲವು ತಿಂಗಳು ಧ್ವನಿ ಕ್ಷೀಣವಾಗಿರುತ್ತದೆ. ಜಪಾನಿನ ನೊಬುಹಿಕೊ ಇಶ್ಶಿಕಿ ನರವನ್ನು ಮುಟ್ಟಲಿಲ್ಲ. ಧ್ವನಿಪೆಟ್ಟಿಗೆಯ ಮುಂಭಾಗದ ಮೃದ್ವಸ್ಥಿಯನ್ನು ನಡುವೆ ಸೀಳಿ, ತುಸು ಅಗಲಿಸಿ, ಟೈಟಾನಿಯಂ ಸೇತುವೆಯಿಂದ ನಿಲ್ಲಿಸುವುದು ಅವರ ಕ್ರಮ. ಸ್ಥಳೀಯ ಅರಿವಳಿಕೆಯಲ್ಲಿ ರೋಗಿಯನ್ನು ಮಾತನಾಡಿಸುತ್ತ, ಕಿವಿಗೊಟ್ಟು ಅಂತರವನ್ನು ನಿಶ್ಚಯಿಸುತ್ತಾರೆ.

ಇವಾವುವೂ ಮೆದುಳಿನ ಮೂಲದೋಷವನ್ನು ಅಳಿಸವು. ಆದ್ದರಿಂದಲೇ ಮೊದಲ ಆಯ್ಕೆ ಸಾಮಾನ್ಯವಾಗಿ ಬೊಟಾಕ್ಸ್ ಚುಚ್ಚುಮದ್ದು. ಅದರ ಗುಣ ಮೂರು ನಾಲ್ಕು ತಿಂಗಳಷ್ಟೇ ಇರುವುದರಿಂದ ಮತ್ತೆ ಮತ್ತೆ ಬೇಕಾಗುತ್ತದೆ. ಈ ಅಲೆದಾಟಕ್ಕೂ ಶಸ್ತ್ರಕ್ರಿಯೆಯ ಅಪಾಯಕ್ಕೂ ನಡುವೆ ರೋಗಿ ತೂಗಿ ನೋಡಬೇಕು.

1956ರಲ್ಲಿ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟಿತು. ಆದರೂ ವೈದ್ಯರನ್ನು ಅರಸುವವರಿಗೆ ರಾಯಚೂರು ಇಂದಿಗೂ ಹತ್ತಿರವೇ. ಅಲ್ಲಿಯ ಕಿವಿ, ಮೂಗು, ಗಂಟಲು ತಜ್ಞರಲ್ಲಿ ಆರಂಭಿಸಿ, ಅಗತ್ಯವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರೆಗೆ ಹೋಗಬಹುದು. ಹೋದಾಗ ಒಂದು ಮಾತು ಕೇಳಲು ಸಂಕೋಚ ಬೇಡ: 'ನನ್ನ ಧ್ವನಿಯನ್ನು ಕನ್ನಡದಲ್ಲಿ ಪರೀಕ್ಷಿಸಿ.'