ಹಲ್ಲಿನ ಕಲೆಗೆ ಪಿಂಗಾಣಿ ಹೊದಿಕೆ: ಉಜ್ಜಿ ತೆಗೆದ ಎನಾಮೆಲ್ ಮತ್ತೆ ಬೆಳೆಯಲ್ಲ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹುಡುಗ ಹುಡುಗಿಯರು ಓದಲಿಕ್ಕೋ ಕೆಲಸಕ್ಕೋ ಬೆಂಗಳೂರಿಗೆ ಬಂದಾಗ ಎದುರಿಸುವ ಪ್ರಶ್ನೆಯೊಂದಿದೆ: "ಹಲ್ಲು ಸರಿಯಾಗಿ ಉಜ್ಜಲ್ವಾ?" ಉಜ್ಜುತ್ತಾರೆ. ಕೆಲವರಂತೂ ಒಸಡಲ್ಲಿ ರಕ್ತ ಬರೋವರೆಗೂ ಉಜ್ಜುತ್ತಾರೆ. ಆದರೂ ಆ ಕಂದು ಕಲೆ ಹೋಗಲ್ಲ. ಯಾಕಂದ್ರೆ ಅದು ಮೇಲೆ ಕೂತ ಕೊಳೆಯಲ್ಲ, ಹಲ್ಲು ರೂಪುಗೊಳ್ಳುವಾಗಲೇ ಆದ ಹಾನಿ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಬಯಲುಸೀಮೆಯ ಆಳದ ಬೋರ್‌ವೆಲ್‌ಗಳಲ್ಲಿ ಅದು ಎಷ್ಟೋ ಕಡೆ ದಾಟಿದೆ. ಹುಟ್ಟಿನಿಂದ ಸುಮಾರು 8 ವರ್ಷದೊಳಗೆ ಆ ನೀರು ಕುಡಿದ ಮಗುವಿನ ಶಾಶ್ವತ ಹಲ್ಲುಗಳ ಎನಾಮೆಲ್ ಗಟ್ಟಿಯಾಗಿ ಕೂಡಿಕೊಳ್ಳದೆ, ಸೂಕ್ಷ್ಮ ರಂಧ್ರಗಳು ಉಳಿದುಬಿಡುತ್ತವೆ. ಮೊದಲು ಸುಣ್ಣದಂಥ ಬಿಳಿ ಗೆರೆ, ಹೆಚ್ಚಾದರೆ ಕಂದು ಕಲೆ, ಇನ್ನೂ ಹೆಚ್ಚಾದರೆ ಗುಳಿ. ಇದೇ ದಂತ ಫ್ಲೋರೋಸಿಸ್.

ಇಂಟರ್‌ವ್ಯೂ ಅಥವಾ ಮದುವೆ ಮಾತುಕತೆ ಹತ್ತಿರ ಬಂದಾಗ ಹಲವರು ಹಲ್ಲಿನ ಕ್ಲಿನಿಕ್ ಹುಡುಕುತ್ತಾರೆ. ಅಲ್ಲಿ ಸಿಗುವ ಉತ್ತರಗಳಲ್ಲಿ ಈಗ ಜೋರಾಗಿ ಪ್ರಚಾರದಲ್ಲಿರುವುದು ವೆನೀರ್. 'ಸ್ಮೈಲ್ ಮೇಕೋವರ್' ಅಂತ ರೀಲ್ಸ್‌ನಲ್ಲಿ ತೋರಿಸ್ತಾರಲ್ಲ, ಬಹುಪಾಲು ಅದೇ.

ಇದು ಸಿನಿಮಾದಿಂದ ಬಂದದ್ದು. 1920ರ ದಶಕದ ಕೊನೆಯಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ ಹಾಲಿವುಡ್ ನಟರ ಹಲ್ಲಿಗೆ ತೆಳು ಹೊದಿಕೆ ಮಾಡಿಕೊಟ್ಟ. ಶೂಟಿಂಗ್ ಮುಗಿದ ಮೇಲೆ ಅದನ್ನು ಬಿಚ್ಚಿಡಬೇಕಿತ್ತು, ಅಂಟಿ ನಿಲ್ಲುವ ದಾರಿ ಆಗ ಇರಲಿಲ್ಲ. 1955ರಲ್ಲಿ ಮೈಕೆಲ್ ಬುವೊನೊಕೋರ್ ಎನಾಮೆಲ್ಲಿಗೆ ಆಸಿಡ್ ಹಚ್ಚಿ ಒರಟು ಮಾಡಿದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆಂದು ತೋರಿಸಿದರು. 1980ರ ದಶಕದ ಆರಂಭದಲ್ಲಿ ಪಿಂಗಾಣಿಯನ್ನೂ ಹಾಗೇ ಅಂಟಿಸಲು ಸಾಧ್ಯವಾಯಿತು. ನಟರು ಬಿಚ್ಚಿಡುತ್ತಿದ್ದ ಹೊದಿಕೆ ಹೀಗೆ ಹಲ್ಲಿಗೇ ಕಚ್ಚಿಕೊಂಡಿತು.

ಈಗಿನ ಪಿಂಗಾಣಿ ವೆನೀರ್ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಅದು ಕೂರಲು ಜಾಗ ಬೇಕಲ್ಲ, ಅದಕ್ಕೆ ಹಲ್ಲಿನ ಮುಂಭಾಗವನ್ನು ಹೆಚ್ಚುಕಮ್ಮಿ ಅಷ್ಟೇ ಉಜ್ಜಿ ತೆಗೆಯುತ್ತಾರೆ. ಆಮೇಲೆ ಅಳತೆ ತೆಗೆದು ಲ್ಯಾಬಿಗೆ ಕಳಿಸಿ, ಬಂದದ್ದನ್ನು ಅಂಟಿಸುತ್ತಾರೆ. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಮುಂದಿನ ಹಲ್ಲಿನ ಎನಾಮೆಲ್ ಒಸಡಿನ ಹತ್ತಿರ ಇರೋದೇ ಅಷ್ಟು! ಅದು ದಾಟಿದರೆ ಒಳಗಿನ ಡೆಂಟಿನ್. ತಣ್ಣನೆಯ ನೀರಿಗೂ ಜುಮ್ಮೆನ್ನಬಹುದು, ಅಂಟಿನ ಹಿಡಿತವೂ ಕಡಿಮೆ. ಮುಖ್ಯ ವಿಷಯ, ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗಿರುತ್ತವೆ. ಚರ್ಮ, ಮೂಳೆಯ ಹಾಗೆ ಅದು ಮತ್ತೆ ಬೆಳೆಯಲ್ಲ.

ಪಿಂಗಾಣಿ ವೆನೀರ್ ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬರುತ್ತದೆ. ಅಂದರೆ 24ನೇ ವಯಸ್ಸಿಗೆ ಹಾಕಿಸಿಕೊಂಡವರು ಜೀವಮಾನದಲ್ಲಿ ಮೂರ್ನಾಲ್ಕು ಸಲ ಬದಲಾಯಿಸಬೇಕಾದೀತು. ಹಲ್ಲಿಗೆ ಹತ್ತು ಸಾವಿರ ಅಂತ ಲೆಕ್ಕ ಹಾಕಿದರೂ, ನಕ್ಕಾಗ ಕಾಣುವ ಎಂಟು ಹಲ್ಲಿಗೆ ಎಂಬತ್ತು ಸಾವಿರ, ಅದೂ ಒಂದು ಸುತ್ತಿಗೆ. ಅಂದ ಹೆಚ್ಚಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ ಆರೋಗ್ಯ ವಿಮೆ ದುಡ್ಡು ಕೊಡಲ್ಲ. ಮದುವೆ ಖರ್ಚಿನ ಜೊತೆ ಸಾಲ ಮಾಡಿ ಇದನ್ನೂ ಸೇರಿಸುವವರು ಈ ಲೆಕ್ಕ ಮೊದಲೇ ಮಾಡಿಕೊಳ್ಳಲಿ.

ಫ್ಲೋರೋಸಿಸ್ ಇದ್ದವರಿಗೆ ಇನ್ನೊಂದು ತೊಡಕಿದೆ. ಅವರ ಎನಾಮೆಲ್ಲಿನ ಮೇಲ್ಪದರ ಆಸಿಡ್ಡಿಗೆ ಅಷ್ಟು ಸುಲಭವಾಗಿ ಜಗ್ಗಲ್ಲ, ಹಾಗಾಗಿ ಅಂಟು ಹಿಡಿಸೋದು ಕಷ್ಟ. ಇಂಥ ಹಲ್ಲುಗಳ ಅನುಭವ ಇರುವ ವೈದ್ಯರೇ ಬೇಕು.

ಹಾಗಾದರೆ ವೆನೀರ್ ಬೇಡವೇ ಬೇಡ ಅಂತಲ್ಲ. ಗುಳಿಬಿದ್ದು ಮೇಲ್ಮೈ ಚಕ್ಕೆ ಎದ್ದ ಹಲ್ಲಿಗೆ ಅದು ಒಳ್ಳೆಯ ಚಿಕಿತ್ಸೆ. ನನ್ನ ತಕರಾರು ಅದು ಮೊದಲ ಉತ್ತರವಾಗುವುದಕ್ಕೆ. ಮೇಲುಮೇಲಿನ ಕಲೆಗೆ ಮೈಕ್ರೋ ಅಬ್ರೇಷನ್ ಇದೆ: ಆಸಿಡ್ ಬೆರೆತ ಪೇಸ್ಟಿನಿಂದ ಕೂದಲೆಳೆಯಷ್ಟು ಪದರ ತೆಗೆಯೋದು. ಜೊತೆಗೆ ಬ್ಲೀಚಿಂಗ್ ಮಾಡಿದರೆ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಆಮೇಲೆ ಕಾಂಪೋಸಿಟ್. ಹಲ್ಲಿನ ಬಣ್ಣದ ಆ ರಾಳವನ್ನು ಬಹಳಷ್ಟು ಸಲ ಹೆಚ್ಚು ಉಜ್ಜದೆ, ಒಂದೇ ಭೇಟಿಯಲ್ಲಿ ಹಚ್ಚಬಹುದು. ಬೇಗ ಮಾಸುತ್ತದೆ, ಆದರೆ ರಿಪೇರಿ ಸುಲಭ. ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇವೆಲ್ಲ ಖಾಸಗಿ ಕ್ಲಿನಿಕ್ಕಿಗಿಂತ ಅಗ್ಗ.

ಒಪ್ಪುವ ಮುಂಚೆ ಕೇಳಲೇಬೇಕಾದ್ದು: "ಡಾಕ್ಟ್ರೇ, ನೀವು ಹಾಕೋದು ವೆನೀರಾ, ಕ್ಯಾಪಾ?" ಕ್ಯಾಪ್ ಅಂದರೆ ಹಲ್ಲನ್ನು ಸುತ್ತಲೂ ಕೊರೆಯಬೇಕು, ಕಾಣುವ ಭಾಗದ ಅರ್ಧಕ್ಕಿಂತ ಹೆಚ್ಚು ಹೋಗಬಹುದು, ಮುಂದೆ ರೂಟ್ ಕೆನಾಲ್‌ಗೂ ದಾರಿಯಾಗಬಹುದು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿ, ಪಿಂಗಾಣಿ ಸೀಳುತ್ತದೆ. ಬಣ್ಣ ಆರಿಸುವಾಗಲೂ ಆತುರ ಬೇಡ. ಪಿಂಗಾಣಿ ಬ್ಲೀಚ್ ಆಗಲ್ಲ, ಇಂದು ಆರಿಸಿದ ಬಿಳುಪೇ ಕೊನೆವರೆಗೂ.

ಮನೆಯಲ್ಲಿ ಪುಟ್ಟ ತಂಗಿಯೋ ತಮ್ಮನೋ ಇದ್ದರೆ ಅವರು ಕುಡಿಯುವ ನೀರನ್ನು ಈಗಲೇ ಪರೀಕ್ಷೆ ಮಾಡಿಸಿ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ್ದೇ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.