ಎಂಜಿನ್ ಗಣಕದ ದೋಷಸಂಕೇತ: ಬಿಡಿಭಾಗ ಬದಲಿಸುವ ಮುನ್ನ

ಸರಕು ಸಾಗಿಸುವ ವ್ಯಾನೊಂದರಲ್ಲಿ ಎಂಜಿನ್ ಚಿಹ್ನೆಯ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿದಾಗ ‘ಪಿ0601’ ಎಂಬ ಸಂಕೇತ ಕಾಣಿಸುತ್ತದೆ. ‘ಇಸಿಎಂ ಹೋಗಿದೆ, ಹೊಸದು ಹಾಕಿಸಬೇಕು’ ಎಂಬ ಮಾತು ಕೂಡಲೇ ಬರುತ್ತದೆ. ವಾಹನ ನಿಂತಷ್ಟು ದಿನ ಸರಬರಾಜೂ ನಿಲ್ಲುವುದರಿಂದ ಮಾಲೀಕರು ಹೆಚ್ಚು ವಿಚಾರಿಸದೆ ಒಪ್ಪಿಗೆ ಕೊಡುತ್ತಾರೆ. ಇಂತಹ ದುಬಾರಿ ಬಿಡಿಭಾಗವನ್ನು ಒಂದೇ ಒಂದು ಸಂಕೇತದ ಆಧಾರದ ಮೇಲೆ ಕೊಳ್ಳುವುದು ಉಚಿತವೇ ಎಂಬುದನ್ನು ವರ್ತಕರು ಯೋಚಿಸಬೇಕಾಗಿದೆ.

ಸಂಕೇತ ಹೇಳುವುದೇನು?

ವಾಹನವೇ ತನ್ನ ದೋಷವನ್ನು ದಾಖಲಿಸಿಕೊಳ್ಳುವ ಓಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-4 ವಾಹನಗಳಿಗೆ 2010ರ ಏಪ್ರಿಲ್‌ನಿಂದ ಓಬಿಡಿ-1, 2013ರ ಏಪ್ರಿಲ್‌ನಿಂದ ಓಬಿಡಿ-2 ಜಾರಿಗೆ ಬಂದಿತು. ಇದರಲ್ಲಿ ಪಿ0601ರಿಂದ ಪಿ0605ರವರೆಗಿನ ಸಂಕೇತಗಳು ಎಂಜಿನ್ ನಿಯಂತ್ರಿಸುವ ಗಣಕದ ಸ್ಮೃತಿ ಹಾಗೂ ಪ್ರೋಗ್ರಾಂಗೆ ಸಂಬಂಧಿಸಿವೆ.

ಲೆಕ್ಕ ಬರೆಯುವವರಿಗೆ ಪಿ0601 ಸುಲಭವಾಗಿ ಅರ್ಥವಾಗುತ್ತದೆ. ಗಣಕವು ತನ್ನಲ್ಲಿರುವ ಪ್ರೋಗ್ರಾಮಿನ ಅಂಕಿಗಳನ್ನು ಆಗಾಗ್ಗೆ ಕೂಡಿ, ಮೊದಲೇ ದಾಖಲಾಗಿರುವ ಮೊತ್ತದೊಡನೆ ತಾಳೆ ನೋಡುತ್ತದೆ. ಎರಡೂ ಹೊಂದದಿದ್ದರೆ ಸಂಕೇತ ಬರೆದಿಡುತ್ತದೆ. ತಾಳೆಪಟ್ಟಿ ಹೊಂದದಿದ್ದಾಗ ತಪ್ಪಿದೆಯೆಂಬುದು ತಿಳಿಯುತ್ತದೆಯೇ ಹೊರತು ಯಾವ ಪುಟದಲ್ಲಿ, ಯಾರಿಂದ ತಪ್ಪಾಯಿತೆಂಬುದು ತಿಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ. ಗಣಕ ನಿಜವಾಗಿಯೂ ಕೆಟ್ಟಿರಬಹುದು. ದುರ್ಬಲ ಬ್ಯಾಟರಿ, ಸಡಿಲ ಅರ್ಥಿಂಗ್ ತಂತಿ ಅಥವಾ ಹೊರಗಿನವರು ಬದಲಿಸಿದ ಪ್ರೋಗ್ರಾಂ ಕೂಡ ಕಾರಣವಾಗಿರಬಹುದು. ಬ್ಯಾಟರಿಯ ಆಧಾರದಿಂದ ಉಳಿಯುವ ಸ್ಮೃತಿಗೆ ಸಂಬಂಧಿಸಿದ ಪಿ0603 ಸಂಕೇತವಂತೂ ಕೆಲವು ವಾಹನಗಳಲ್ಲಿ ಬ್ಯಾಟರಿ ಕಳಚಿ ಜೋಡಿಸಿದ ಮಾತ್ರಕ್ಕೇ ಕಾಣಿಸಿಕೊಳ್ಳುತ್ತದೆ.

ಪರೀಕ್ಷೆಯ ಕ್ರಮ

ಮೊದಲು ಎಲ್ಲ ಸಂಕೇತಗಳನ್ನೂ, ದೋಷದ ಕ್ಷಣದ ವಿವರಗಳು ದಾಖಲಾಗಿದ್ದರೆ ಅವನ್ನೂ ಬರೆದಿಟ್ಟುಕೊಳ್ಳಬೇಕು. ಅದಕ್ಕೂ ಮೊದಲೇ ಬ್ಯಾಟರಿ ಕಳಚಿದರೆ ಸಾಕ್ಷ್ಯವೇ ಅಳಿಸಿಹೋಗಬಹುದು.

ಎರಡನೆಯದು ವಿದ್ಯುತ್ತಿನ ಪರೀಕ್ಷೆ. 12 ವೋಲ್ಟ್ ವ್ಯವಸ್ಥೆಯಲ್ಲಿ ಪೂರ್ಣ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇರಬೇಕು. ಗಣಕಕ್ಕೆ ಹೋಗುವ ತಂತಿ, ಫ್ಯೂಸ್ ಮತ್ತು ಕನೆಕ್ಟರುಗಳಲ್ಲಿ ತುಕ್ಕು ಅಥವಾ ನೀರಿನ ಪಸೆ ಇದೆಯೇ ಎಂದು ನೋಡಬೇಕು. ಇಷ್ಟಕ್ಕೆ ಮಲ್ಟಿಮೀಟರೊಂದು ಸಾಕು.

ಬಳಿಕ, ಮೈಲೇಜ್ ಅಥವಾ ಶಕ್ತಿ ಹೆಚ್ಚಿಸಲು ಪ್ರೋಗ್ರಾಂ ಬದಲಿಸಲಾಗಿತ್ತೇ ಎಂಬುದನ್ನು ಚಾಲಕರಿಂದಲೂ ಹಿಂದಿನ ಮಾಲೀಕರಿಂದಲೂ ಕೇಳಿ ತಿಳಿಯಬೇಕು. ಕಂಡ ದೋಷಗಳನ್ನು ಸರಿಪಡಿಸಿ, ಸಂಕೇತ ಅಳಿಸಿ, ವಾಹನ ಓಡಿಸಿ ನೋಡಬೇಕು. ಸಂಕೇತ ಮರಳಿ ಬಂದರೆ, ತಯಾರಕರ ಸೌಲಭ್ಯವಿರುವ ವಾಹನಗಳಲ್ಲಿ ಮೂಲ ಪ್ರೋಗ್ರಾಮನ್ನೇ ಮತ್ತೆ ತುಂಬಿಸಬಹುದು. ಆ ಕೆಲಸದ ನಡುವೆ ವಿದ್ಯುತ್ ಕುಸಿದರೆ ಗಣಕವೇ ನಿರುಪಯುಕ್ತವಾಗಬಹುದಾದ್ದರಿಂದ ಸ್ಥಿರ ವಿದ್ಯುತ್ ಪೂರೈಕೆ ಅಗತ್ಯ. ಆಮೇಲೂ ಸಂಕೇತ ಉಳಿದರೆ ಮಾತ್ರ ಗಣಕ ಬದಲಿಸುವ ವಿಚಾರ. ಇಮ್ಮೊಬಿಲೈಸರ್ ಇರುವ ವಾಹನಗಳಲ್ಲಿ ಹೊಸ ಗಣಕವನ್ನು ಕೀಲಿಯೊಡನೆ ಹೊಂದಿಸಬೇಕಾಗುತ್ತದೆ. ಆದುದರಿಂದ ಅಗ್ಗವೆಂದು ಹಳೆಯ ಗಣಕ ಕೊಂಡವರಿಗೆ ಉಳಿತಾಯವಾಗುವುದೆಂಬ ಭರವಸೆಯಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ

ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಗೆ, ಇತರ ಷರತ್ತುಗಳು ಪೂರೈಸಿದ್ದಲ್ಲಿ, ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಆದರೆ ಚಾಲಕ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು ಈ ಜಮೆಯನ್ನು ತಡೆಯುತ್ತದೆ. ಸಂಸ್ಥೆಯ ಕಾರಿಗೆ ಅನಗತ್ಯವಾಗಿ ಗಣಕ ಹಾಕಿಸಿದರೆ ತೆರಿಗೆಯೂ ಸೇರಿ ಇಡೀ ಮೊತ್ತ ಖರ್ಚಿಗೇ ಬೀಳುತ್ತದೆ.

ಆದುದರಿಂದ ಬಿಲ್ಲಿನೊಡನೆ ಸ್ಕ್ಯಾನರ್ ವರದಿ, ವೋಲ್ಟೇಜ್ ಅಂಕಿಗಳು ಮತ್ತು ಕಳಚಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು ಒಳ್ಳೆಯ ಪದ್ಧತಿ. ವೋಚರಿಲ್ಲದ ಖರ್ಚನ್ನು ಒಪ್ಪದ ವರ್ತಕರು ಪರೀಕ್ಷೆ ನಡೆಸದ ದುರಸ್ತಿಯನ್ನು ಒಪ್ಪಬೇಕಾದ ಕಾರಣವಿಲ್ಲ.