ಕಿರುಬರಹದ ಹಿರಿಮೆ

ಬರೆಯಬೇಕೆಂಬ ಹಂಬಲವುಳ್ಳ ತರುಣರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಬರವಣಿಗೆಯೆಂದೊಡನೆ ಅವರ ಕಣ್ಣಮುಂದೆ ನಿಲ್ಲುವುದು ಮುನ್ನೂರು ಪುಟದ ಕಾದಂಬರಿ. ಅದಕ್ಕೆ ತಕ್ಕ ಬಿಡುವು ದೊರೆಯುವ ತನಕ ಕಾಯೋಣವೆಂದು ಕುಳಿತವರು ಕೊನೆಗೆ ಒಂದು ಸಾಲನ್ನೂ ಬರೆಯದೆ ಉಳಿಯುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳನ್ನು ಹಲವು ವರ್ಷಗಳಿಂದ ಬಲ್ಲವನಾದ್ದರಿಂದ ಈ ಮಾತನ್ನು ಹೇಳುತ್ತಿದ್ದೇನೆ. ಬೆಳಗ್ಗೆ ಹೊಲ-ತೋಟದ ಕೆಲಸ, ಬಳಿಕ ಬಸ್ಸಿನ ಪ್ರಯಾಣ, ಸಂಜೆ ದನಕರುಗಳ ಆರೈಕೆ. ಇವುಗಳ ನಡುವೆ ಅವರಿಗೆ ಸಿಗುವುದು ಅರ್ಧ ಗಂಟೆಯ ಬಿಡುವು. ಕೈಯಲ್ಲಿರುವುದು ಒಂದು ಮೊಬೈಲು. ಇಂಥವರಿಗೆ ಸಾಹಿತ್ಯದ ಬಾಗಿಲು ಮುಚ್ಚಿದೆಯೆ? ಕಿರುಬರಹದ ಬಾಗಿಲಾದರೂ ತೆರೆದೇ ಇದೆಯೆಂಬುದು ನನ್ನ ನಂಬುಗೆ.

ಕಿರುಬರಹವು ಮೊಬೈಲಿನೊಡನೆ ಬಂದ ಹೊಸ ಚಾಳಿಯೆಂದು ಮೂಗು ಮುರಿಯುವವರುಂಟು. ಕನ್ನಡ ಸಾಹಿತ್ಯದ ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. ಸುಮಾರು ಕ್ರಿ.ಶ. 700ರ ಬಾದಾಮಿಯ ಶಾಸನವು ಕಪ್ಪೆ ಅರಭಟ್ಟನೆಂಬ ವೀರನ ಸ್ವಭಾವವನ್ನು ಕೆಲವೇ ತ್ರಿಪದಿಗಳಲ್ಲಿ ಕಡೆದು ನಿಲ್ಲಿಸಿದೆ. 12ನೆಯ ಶತಮಾನದ ಶರಣರಂತೂ ನಮ್ಮ ನೆರೆಯವರೇ. ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಇರುವುದು ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಅಕ್ಕಿ ಆಯುವ ಕಾಯಕದ ಲಕ್ಕಮ್ಮ ಇವರೆಲ್ಲ ವಚನಕಾರರಾದರು. ಅವರಿಗೆ ಚಂಪೂಕಾವ್ಯವೊಂದೇ ಗತಿಯಾಗಿದ್ದರೆ ಈ ದನಿಗಳು ನಮಗೆ ಕೇಳಿಸುತ್ತಿದ್ದುವೆ? ದುಡಿಯುವ ಕೈ ಬಿಡುವಾದಷ್ಟು ಹೊತ್ತಿನಲ್ಲಿ ಮುಗಿಯಬಲ್ಲ ಮಾತಿನ ರೂಪವೊಂದು ಇದ್ದುದರಿಂದಲೇ ಅದು ಸಾಧ್ಯವಾಯಿತೆಂದು ನನಗೆ ತೋರುತ್ತದೆ.

ಸರ್ವಜ್ಞನನ್ನು ನೋಡಿ. ತ್ರಿಪದಿಯೆಂದರೆ ಮೂರು ಸಾಲು, ಹನ್ನೊಂದು ಗಣ. ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮಗಣ, ಉಳಿದವು ವಿಷ್ಣುಗಣ. ಇಷ್ಟು ಇಕ್ಕಟ್ಟಿನಲ್ಲಿ ಅವನು ಅನ್ನ, ಸಾಲ, ಜಾತಿ, ಗುರು ಎಲ್ಲವನ್ನೂ ಮಾತನಾಡಿದ. ಚಿಕ್ಕದಾದುದರಿಂದ ಅದು ಜನರ ನಾಲಗೆಯಲ್ಲಿ ನಿಂತಿತು. ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಆ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸುವವರೆಗೂ ಬಹುಮಟ್ಟಿಗೆ ಜನರ ನೆನಪೇ ಅದರ ಭಂಡಾರವಾಗಿತ್ತು.

ಇನ್ನು ಕಿರುಬರಹದಿಂದ ಬರೆಯುವವನಿಗೆ ಆಗುವ ಪ್ರಯೋಜನವೇನು? ಮೊದಲನೆಯದು, ಮುಗಿಸಿದ ತೃಪ್ತಿ. ಅರ್ಧಕ್ಕೆ ನಿಂತ ಹತ್ತು ಕಾದಂಬರಿಗಳು ಕಲಿಸಲಾರದುದನ್ನು ಮುಗಿದ ಒಂದು ಪುಟ ಕಲಿಸುತ್ತದೆ. ಆರಂಭ, ಬೆಳವಣಿಗೆ, ಮುಕ್ತಾಯಗಳ ಸಂಬಂಧ ತಿಳಿಯುವುದು ಬರಹ ಮುಗಿದಾಗಲೇ. ಎರಡನೆಯದು, ಪದಗಳ ವಿವೇಕ. ಜಗಳೂರು ಕಡೆಯ ವಿದ್ಯಾರ್ಥಿಯೊಬ್ಬ ಬರಗಾಲವನ್ನು ಕುರಿತು ನಾಲ್ಕು ಪುಟ ಬರೆದು ತಂದಿದ್ದ. 'ಭೀಕರ', 'ದಾರುಣ' ಎಂಬ ಮಾತುಗಳೇ ಅದರ ತುಂಬ. ನಾಲ್ಕು ಸಾಲಿಗೆ ಇಳಿಸಪ್ಪಾ ಎಂದೆ. ವಾರದ ಮೇಲೆ ಅವನು ತಂದುದರಲ್ಲಿ ಆ ಮಾತುಗಳು ಒಂದೂ ಇರಲಿಲ್ಲ. ಆ ವರ್ಷ ಅಪ್ಪ ಎತ್ತುಗಳನ್ನು ಮಾರಿದರೆಂದೂ, ಕೊರಳ ಗಂಟೆಗಳನ್ನು ಮಾತ್ರ ಕೊಡದೆ ಗೋಡೆಯ ಗೂಟಕ್ಕೆ ತೂಗುಹಾಕಿದರೆಂದೂ ಅಷ್ಟೇ ಇತ್ತು. ತರಗತಿಯಲ್ಲಿ ಓದಿದಾಗ ಯಾರೂ ಮಾತನಾಡಲಿಲ್ಲ. ಮೂರನೆಯದು, ಓದುಗರ ಸಾಮೀಪ್ಯ. ನಾಲ್ಕು ಸಾಲನ್ನು ಗೆಳೆಯ ಕೂಡಲೇ ಓದುತ್ತಾನೆ, ತಪ್ಪಿದ್ದರೆ ಹೇಳುತ್ತಾನೆ. ಅಂಕೋಲೆಯ ದಿನಕರ ದೇಸಾಯಿಯವರ ಚೌಪದಿಗಳು ಸಾಮಾನ್ಯ ಜನರನ್ನು ಮುಟ್ಟಿದುದೂ ಅವುಗಳ ಈ ಸರಳ ಗಾತ್ರದಿಂದಲೇ.

ಕಿರಿದನ್ನು ಬರೆದವನು ಹಿರಿದನ್ನು ಬರೆಯಲಾರನೆಂಬ ಭಯವೂ ಬೇಡ. 1943ರಲ್ಲಿ ಪ್ರಕಟವಾದ ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ದಲ್ಲಿ ನಾಲ್ಕು ಸಾಲಿನ 945 ಪದ್ಯಗಳಿವೆ. ಬಿಡಿಬಿಡಿಯಾಗಿ ನಿಲ್ಲಬಲ್ಲ ಪದ್ಯಗಳು ಕೂಡಿ ಒಂದು ಜೀವನದರ್ಶನವೇ ಆಗಿದೆ.

ಆದರೆ ಒಂದು ಎಚ್ಚರಿಕೆ ಅವಶ್ಯ. ಚಿಕ್ಕದೆಲ್ಲ ಚೊಕ್ಕವಲ್ಲ. ಪ್ರಾಸಕ್ಕೆ ಪ್ರಾಸ ಜೋಡಿಸಿ, ಕೊನೆಯಲ್ಲೊಂದು ಚಮತ್ಕಾರ ಮಾಡಿ, ಬರೆದ ಗಳಿಗೆಯಲ್ಲೇ ನಾಲ್ಕು ಜನರಿಗೆ ಕಳುಹಿಸಿ ಮೆಚ್ಚುಗೆಗೆ ಕಾಯುವುದು ಸಾಧನೆಯಲ್ಲ. ಚನ್ನಗಿರಿಯ ಸೂಳೆಕೆರೆ ಎಷ್ಟೇ ವಿಶಾಲವಾದರೂ ನೀರು ಗದ್ದೆಗೆ ಹರಿಯುವುದು ತೂಬಿನ ಇಕ್ಕಟ್ಟಿನಿಂದಲೇ. ಕೆರೆಯೇ ಬತ್ತಿದ್ದರೆ ತೂಬು ಏನು ಮಾಡೀತು? ಕಿರಿದಾಗಿ ಬರೆಯುವವನು ಹೆಚ್ಚಾಗಿ ಓದಬೇಕು, ಹೆಚ್ಚಾಗಿ ನೋಡಬೇಕು. ಬರೆದುದನ್ನು ಒಂದು ರಾತ್ರಿಯಾದರೂ ಇಟ್ಟು ಮತ್ತೆ ತಿದ್ದಬೇಕು.

ತರುಣ ಮಿತ್ರರು ಬಿಡುವಿಗಾಗಿ ಕಾಯದಿರಲಿ. ಬಸ್ಸಿನಲ್ಲಿ ಕಂಡ ಒಂದು ಮುಖ, ಅಡಕೆ ಸುಲಿಯುವಾಗ ಅಜ್ಜಿ ಆಡಿದ ಒಂದು ಮಾತು, ಇವನ್ನು ದಿನಕ್ಕೆ ನಾಲ್ಕು ಸಾಲಿನಂತೆ ಬರೆದಿಡಲಿ. ಅಧ್ಯಾಪಕರು ಅದನ್ನು ಚಿಕ್ಕದೆಂದು ಬದಿಗಿಡದೆ ಓದಿ ತಿದ್ದಲಿ. ಈ ನಾಲ್ಕು ತಾಲ್ಲೂಕುಗಳ ಬದುಕು ಕನ್ನಡದಲ್ಲಿ ಇನ್ನೂ ಎಷ್ಟೋ ಬರೆಯಬೇಕಾಗಿದೆ. ಅದನ್ನು ಬಲ್ಲವರು ಈ ಮಕ್ಕಳೇ.